ಎದುರುಮಾತಿನ ಪೀಠ

ಕೋಡುಗಲ್ಲಿನ ರಾಜಧಾನಿಯಲ್ಲಿ ಅಂದು ಮುಂಜಾನೆಯಿಂದಲೇ ಹಬ್ಬದ ಗದ್ದಲ. ಕೋಟೆಯ ಮೂಡಣ ಬಾಗಿಲಿನಿಂದ ಅರಮನೆಯ ಅಂಗಳದವರೆಗೆ ಹೂವಾಡಗಿತ್ತಿಯರು, ಬಳೆಗಾರರು, ಲಾಯದ ಆಳುಗಳು ಒತ್ತೊತ್ತಾಗಿ ನಿಂತು, ಬಡಗಿಯೊಬ್ಬ ಶೂಲದ ಮೊನೆಯನ್ನು ಉಜ್ಜಿ ನಯಮಾಡುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ವಿಚಾರಣೆ ಇನ್ನೂ ಮೊದಲಾಗಿರಲಿಲ್ಲ. ಶೂಲ ಮಾತ್ರ ಸಿದ್ಧವಾಗಿತ್ತು. ಎಂಥ ಚೆಂದದ ನ್ಯಾಯ ನೋಡಿ!

ಶೂಲ ದಂಡನಾಯಕ ಚಟ್ಟಯ್ಯನಿಗೆ. ಚೈತ್ರದ ಯುದ್ಧವನ್ನು ಗೆದ್ದು ಬಂದಾಗಿನಿಂದ ಜನ ಅರಸನಿಗಿಂತ ಅವನಿಗೇ ಹೆಚ್ಚು ಜೈಕಾರ ಹಾಕುತ್ತಿದ್ದರು. ಈಗ, ಯುದ್ಧಕ್ಕೂ ಮುಂಚಿನ ಮಾರ್ಗಶಿರ ಮಾಸದಲ್ಲಿ ಅವನು ಶತ್ರುವಿಗೆ ಬರೆದನೆಂಬ ಓಲೆಯನ್ನು ಮಹಾಪ್ರಧಾನ ಹರಿಯಣ್ಣ ಸಭೆಗೆ ತಂದಿದ್ದ. ಅದರ ಅರಗಿನ ಮೇಲೆ ಚಟ್ಟಯ್ಯನ ಮುದ್ರೆಯುಂಗುರದ ಹುಲಿ ಮೂಡಿತ್ತು.

ಆ ರಾಜ್ಯದಲ್ಲಿ ಹಳೆಯ ಕಟ್ಟಳೆಯೊಂದಿತ್ತು. ಸಭೆಯೆಲ್ಲ ಒಂದೇ ಮಾತಾಡಿದಾಗ, ಎದುರುಮಾತಿನ ಪೀಠದಲ್ಲಿ ಕುಳಿತವನು ಎರಡೂ ಕಡೆ ತೂಗಿ ನೋಡಿ ಆರೋಪಿಯ ಪರವಾಗಿ ಹೇಳುವುದಿದ್ದರೆ ಹೇಳಬೇಕು. ಆ ಮಾತು ನಿಜವೆಂದು ನಿಂತರೆ ಆರೋಪಿ ಉಳಿದ. ಬಿದ್ದರೆ ಆಡಿದವನ ನಾಲಗೆ ಕೊಯ್ಯುತ್ತಿದ್ದರು. ಪೀಠದವನಿಗೆ ಅದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಅರಸನೂ ಕೊಡುವಂತಿರಲಿಲ್ಲ.

ಹರಿಯಣ್ಣ ಅದನ್ನೂ ಯೋಚಿಸಿಯೇ ಇಟ್ಟಿದ್ದ. ಪೀಠದಲ್ಲಿದ್ದವನು ಬೊಪ್ಪರಸ. ಚೈತ್ರದ ರಣದಲ್ಲಿ ಹಿಂದೆ ಸರಿದನೆಂದು ಬೊಪ್ಪರಸನ ಅಣ್ಣನನ್ನು ಗುದ್ದಿ ಕೆಡವಿ ತಲೆ ಕಡಿದವನು ಇದೇ ಚಟ್ಟಯ್ಯ.

"ಬೊಪ್ಪರಸರೇ, ಎದುರುಮಾತುಂಟೇ?" ಎಂದು, ಸಭೆಯೆಲ್ಲ ಒಂದೇ ದನಿಯಲ್ಲಿ ಶೂಲವೆಂದ ಮೇಲೆ, ಅರಸ ಕಂಪವರ್ಮ ಕೇಳಿದ.

"ನಿಮ್ಮಿಂದ ನಾನೇನೂ ಬೇಡುವುದಿಲ್ಲ," ಎಂದ ಸಂಕೋಲೆಯಲ್ಲಿದ್ದ ಚಟ್ಟಯ್ಯ.

"ನಿಮಗಾಗಿ ಆಡುತ್ತಿಲ್ಲ, ದಂಡನಾಯಕರೇ. ನಿಮ್ಮ ಮೇಲೆ ನನಗೆ ದ್ವೇಷವಿದೆ, ದ್ವೇಷ ಸಾಕ್ಷಿಯಲ್ಲ." ಬೊಪ್ಪರಸ ಓಲೆಯನ್ನು ಬೆಳಕಿಗೆ ಹಿಡಿದ. "ಉಂಟು, ಪ್ರಭು. ಈ ಹುಲಿಗೆ ಎಡಗಿವಿಯಿಲ್ಲ. ಉಂಗುರದ ಕಲ್ಲಿನಲ್ಲಿ ಆ ಕಿವಿ ಮುರಿದದ್ದು ಚೈತ್ರದಲ್ಲಿ, ನನ್ನ ಅಣ್ಣನ ದವಡೆಯ ಮೇಲೆ. ಅವನ ಕೆನ್ನೆಯೊಳಗೆ ಸಿಕ್ಕ ಚೂರು ಇಗೋ. ಮಾರ್ಗಶಿರದ ಓಲೆಗೆ ಮುರಿದ ಕಿವಿ ಹೇಗೆ ಬಂತು?"

"ಕಿವಿ ಮೊದಲೇ ಮುರಿದಿದ್ದೀತು," ಎಂದ ಹರಿಯಣ್ಣ. "ಚೂರು ಕೆನ್ನೆಯಲ್ಲಿ ಸಿಕ್ಕಿತೆಂಬುದಕ್ಕೆ ಸಾಕ್ಷಿ ಯಾರು?"

"ನನ್ನ ಅತ್ತಿಗೆ ನಾಗಲೆ. ಹೆಣ ತೊಳೆದವರು ಅವರು."

ನಾಗಲೆಯನ್ನು ಕರೆಸಿದರು. ಆಕೆ ಮೈದುನನನ್ನು ನೋಡಲಿಲ್ಲ. ಚಟ್ಟಯ್ಯನನ್ನೇ ನೋಡುತ್ತ, "ನಾನೇನೂ ಕಾಣಲಿಲ್ಲ," ಎಂದಳು. ಅಯ್ಯೋ, ಅವಳನ್ನು ಬೈಯುವುದಾದರೂ ಹೇಗೆ? ಗಂಡನ ರುಂಡವನ್ನು ಮುಂಡಕ್ಕೆ ಸೇರಿಸಿ ಹೊಲಿದ ಕೈ ಅವಳದು.

ಮಾತು ಬಿತ್ತು. ಕಟುಕ ತಡಮಾಡಲಿಲ್ಲ. ಇಬ್ಬರು ಬೊಪ್ಪರಸನ ತಲೆ ಹಿಡಿದರು, ಒಬ್ಬ ಇಕ್ಕಳ ಹಾಕಿ ಎಳೆದ. ಕೊಯ್ದದ್ದನ್ನು ತಾಮ್ರದ ತಟ್ಟೆಯಲ್ಲಿಟ್ಟು ಸಭೆಗೆ ತೋರಿಸುತ್ತ ಬಂದಾಗ, ನಾಗಲೆ ತಟ್ಟೆಗೆ ಅಡ್ಡ ಬಂದಳು.

"ಕಂಡಿದ್ದೆ," ಎಂದಳು. "ಚೂರು ಕಿತ್ತವಳು ನಾನೇ. ಈ ಚಟ್ಟಯ್ಯ ಸಾಯಲೆಂದು ಸುಳ್ಳಾಡಿದೆ."

ಉಂಗುರ ತರಿಸಿ ನೋಡಿದರು. ಚೂರು ಕಲ್ಲಿಗೆ ಸರಿಯಾಗಿ ಕೂತಿತು. ಅಂಗಳದ ಜನವೆಲ್ಲ ನೋಡಿಯಾಗಿತ್ತು, ಇನ್ನು ಮುಚ್ಚುವಂತಿರಲಿಲ್ಲ. ಚಟ್ಟಯ್ಯನ ಸಂಕೋಲೆ ಹರಿಯಣ್ಣನ ಕಾಲಿಗೆ ಬಿತ್ತು.

"ಶೂಲಕ್ಕೇರಿಸಿ," ಎಂದ ಅರಸ, ಬಹಳ ಅವಸರದಿಂದ. "ಎದುರುಮಾತಿಲ್ಲವಷ್ಟೇ?"

ಬೊಪ್ಪರಸ ಪೀಠ ಬಿಟ್ಟಿರಲಿಲ್ಲ. ಬಾಯಿಗೊತ್ತಿದ್ದ ಉತ್ತರೀಯದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನು ಕೈ ಎತ್ತಿ, ಕಪ್ಪು ಬಟ್ಟೆಯ ಕಡತ ಬಿಡಿಸಿ, ಬಳಪದಿಂದ ಬರೆದ. ಕರಣಿಕ ಅದನ್ನು ಗಟ್ಟಿಯಾಗಿ ಓದಿದ:

"ಉಂಟು. ದಂಡಿನಿಂದ ಮರಳಿದ ದಿನವೇ ದಂಡನಾಯಕರು ಮುದ್ರೆಯುಂಗುರವನ್ನು ಪ್ರಭುಗಳಿಗೆ ಒಪ್ಪಿಸುವುದು ರೂಢಿ. ಚೈತ್ರದಿಂದ ಅದು ಪ್ರಭುಗಳ ಪೆಟ್ಟಿಗೆಯಲ್ಲೇ ಇದೆ. ಹರಿಯಣ್ಣನ ಕೈಗೆ ಅದನ್ನು ಕೊಟ್ಟವರು ಯಾರು?"

ಅರಸ ಕಟುಕನ ಕಡೆ ನೋಡಿದ. ಕಟುಕ ಕತ್ತಿ ಹಿರಿದುಕೊಂಡು ಎರಡು ಹೆಜ್ಜೆ ಬಂದು, ಬೊಪ್ಪರಸನ ಬಾಯಿ ನೋಡಿ ನಿಂತುಬಿಟ್ಟ. ಕೊಯ್ಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.