ಫಲ್ಮರ್ ಹಕ್ಕಿ ಉಗುಳಿದ ಶನಿವಾರ

ಮೂಗು ಮುಚ್ಕೊಂಡಾದ್ರೂ ಸರಿ, ಇದನ್ನ ಕೊನೇವರೆಗೂ ಕೇಳಿ. ಅರ್ಧಕ್ಕೇ ಎದ್ದು ಹೋದ್ರೆ ಇಶ್ಬೆಲ್‌ನ ನೀವು ತಪ್ಪು ತಿಳ್ಕೋತೀರ.

ಆ ಶನಿವಾರ ಬೆಳಗ್ಗೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಪಡುವಣ ದಡದಿಂದ ಕಯಾಕ್ ದೋಣಿ ನೀರಿಗಿಳಿಸಿದಾಗ ಇಶ್ಬೆಲ್ ಬಾಯಲ್ಲಿ ಒಂದು "ಹೂಂ" ರೆಡಿ ಇತ್ತು. ಹಿಂದಿನ ವಾರ ರೂರಿ "ನನ್ನ ಮದ್ವೆ ಆಗ್ತೀಯಾ?" ಅಂತ ಕೇಳಿದ್ದ. "ಶನಿವಾರ ಎದುರಿನ ಕುರಿದ್ವೀಪಕ್ಕೆ ಹೋದಾಗ ಹೇಳ್ತೀನಿ" ಅಂದಿದ್ಲು. ಉತ್ತರ ಅವಳಿಗೆ ಆಗ್ಲೇ ಗೊತ್ತಿತ್ತು. ಒಂದು ವಾರ ಸತಾಯಿಸೋ ಖುಷಿ ಬಿಡೋಕೆ ಮನಸ್ಸಿರ್ಲಿಲ್ಲ, ಅಷ್ಟೇ.

ಎರಡು ಕಯಾಕ್, ಪಕ್ಕಪಕ್ಕ. ಹುಟ್ಟು ಎತ್ತಿದಾಗ್ಲೆಲ್ಲ ಅವನ ಕೆಂಪು ಗಡ್ಡಕ್ಕೆ ನೀರ ಹನಿ ಹಾರ್ತಿತ್ತು. ಅವಳು ಕದ್ದು ನೋಡಿದ್ಲು. ಸಿಕ್ಕಿಬಿದ್ಲು.

"ಏನ್ ನೋಡ್ತಿದೀಯ?"

"ನಿನ್ನಲ್ಲ. ನಿನ್ ಹಿಂದೆ ನೀರಲ್ಲಿ ಒಂದು ಸೀಲ್ ತಲೆ ಎತ್ತಿದೆ. ಅದರ ಮೀಸೆ ನಿಂದಕ್ಕಿಂತ ಚೆನ್ನಾಗಿದೆ."

"ಹಂಗಾದ್ರೆ ಅದನ್ನೇ ಕಟ್ಕೋ."

"ಅದು ಕೇಳ್ಬೇಕಲ್ಲ!"

ನಗ್ತಾ ನಗ್ತಾ ಹತ್ರ ಬಂದ. ನಿಂಬೆ ಸೋಪಿನ ಘಮ. ಯಾವಾಗ್ಲೂ ಅದೇ ಸೋಪು. ಆದ್ರೆ ಅವತ್ತು ಗಾಳಿ ಅವನ ಕಡೆಯಿಂದ ಬೀಸ್ತಿತ್ತು. ಸೋಪಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಕೊಳೆತದ್ದು, ಒಂಥರಾ ಸಿಹಿಸಿಹಿ.

"ಏನೋ ಇದು ವಾಸ್ನೆ?"

"ಪಾಚಿ ಇರ್ಬೇಕು ಕಣೇ." ಮುಖ ತಿರುಗಿಸಿ ಸರ್ರಂತ ಮುಂದೆ ಹೋದ.

ಪಾಚಿ ಅಲ್ಲ. ಇಶ್ಬೆಲ್ ಮೂಗಿಗೆ ಆ ವಾಸನೆ ಚೆನ್ನಾಗಿ ಗೊತ್ತಿತ್ತು. ಅವಳು ಕಯಾಕ್ ಕಲಿತ ಕೊಲ್ಲಿಯಲ್ಲೇ ಈಗ ಸಾಲ್ಮನ್ ಮೀನು ಸಾಕೋ ಪಂಜರಗಳಿವೆ. ನೀರ ಮೇಲೆ ಎಣ್ಣೆ ಪಸೆ. ಕಡಲ ಹೇನು ಹತ್ತಿ ಮಾಂಸ ಕಿತ್ತುಹೋದ ಮೀನಿನ ಹೆಣಗಳು ಹುಟ್ಟಿಗೆ ಮೆತ್ತಗೆ ತಗಲ್ತವೆ. ಥೂ! "ಅಲ್ಲಿ ಕೆಲಸ ಮಾಡೋರ ಜೊತೆ ನಾನು ಒಂದು ಲೋಟ ಟೀ ಕೂಡ ಕುಡಿಯಲ್ಲ" ಅಂತ ಪಬ್‌ನಲ್ಲಿ ಎಲ್ಲರೆದುರು ಹೇಳಿದ್ಲು. ಪಕ್ಕದಲ್ಲೇ ಕೂತಿದ್ದ ರೂರಿ ಹೌದೌದು ಅಂತ ತಲೆಯಾಡಿಸಿದ್ದ. ಅವನು ಫೆರಿ ಹಡಗಲ್ಲಿ ಹಗ್ಗ ಕಟ್ಟೋನು ಅಂತ್ಲೇ ಅವಳು ನಂಬಿದ್ಲು.

ಅಷ್ಟರಲ್ಲಿ ಅವನು ಮಾಡಿದ್ದು ನೋಡಿ. ಸೀದಾ ಬಂಡೆಗೋಡೆ ಹತ್ರ ಹೋದ. ಜುಲೈ ತಿಂಗಳು, ಪ್ರತಿ ಬಿರುಕಲ್ಲೂ ಫಲ್ಮರ್ ಮರಿ. ಆ ಹಕ್ಕಿ ಹತ್ರ ಹೋದ್ರೆ ಹೊಟ್ಟೆಯೊಳಗಿನ ಎಣ್ಣೇನ ಮುಖಕ್ಕೇ ಉಗುಳುತ್ತೆ, ತಿಂಗಳಾದ್ರೂ ವಾಸನೆ ಹೋಗಲ್ಲ. ಇದು ಗೊತ್ತಿಲ್ಲದ ಮಗು ಆ ದ್ವೀಪದಲ್ಲಿಲ್ಲ.

"ಲೋ ರೂರಿ! ಮರಿ ಕೂತಿದೆ ಕಣೋ, ತಲೆ ಕೆಟ್ಟಿದ್ಯಾ!"

ರೂರಿ ಗೂಡಿನ ಕೆಳಗೇ ನಿಲ್ಲಿಸಿ ಹುಟ್ಟನ್ನ ಮರಿ ಮುಂದೆ ಆಡಿಸಿದ. ಅದು ಬಾಯಿ ತೆಗೀತು. ಫಚಕ್! ಕಿತ್ತಳೆ ಬಣ್ಣದ ಎಣ್ಣೆ ಕಣ್ಣಿಗೆ, ಗಡ್ಡಕ್ಕೆ, ಕುತ್ತಿಗೆಗೆ. ಕಣ್ಣು ಕಾಣದೆ ತಡಕಾಡಿದ, ಅಲೆ ಬಂತು, ಕಯಾಕ್ ಮಗುಚಿತು.

ಬಂಡೆ ಎರಡೇ ಮಾರು ದೂರ. ಯೋಚಿಸೋಕೆ ಹೊತ್ತಿರ್ಲಿಲ್ಲ. ಇಶ್ಬೆಲ್ ಹೋಗಿ ಅವನ ಕಯಾಕ್ ತಿರುಗಿಸಿ, ಅದರ ಮೇಲೆ ಎದೆಯೊಡ್ಡಿ ಅಮುಕಿ ಹಿಡಿದ್ಲು. ಅವನು ಹತ್ತೋವಾಗ ಎಣ್ಣೆ ಗಡ್ಡ ಅವಳ ಕೆನ್ನೆಗೆ ಉಜ್ಜಿತು. ಹಳಸಿದ ಮೀನನ್ನ ಒದ್ದೆ ಬೂಟಲ್ಲಿ ಒಂದು ತಿಂಗಳು ಮುಚ್ಚಿಟ್ಟು ತೆಗೆದಂಗೆ. ಬೆಳಗ್ಗೆ ತಿಂದ ಓಟ್ಸ್ ಬಿಸ್ಕತ್ತು ಪೂರ್ತಿ ಸಮುದ್ರಕ್ಕೆ ಹೋಯ್ತು. ಕೈ ಮಾತ್ರ ಬಿಡ್ಲಿಲ್ಲ. ಬಿಟ್ಟಿದ್ರೆ ಅವನು ಬಂಡೆಗೆ ಬಡೀತಿದ್ದ.

ಕುರಿದ್ವೀಪದ ಮರೆಗೆ ಬಂದ್ಮೇಲೆ ಅಲೆ ಅಡಗಿತು.

"ಇಲ್ಲೇ ಹುಟ್ಟಿದೋನು ನೀನು. ಯಾಕೋ ಹೋದೆ ಅಲ್ಲಿಗೆ?"

"ಬೇಕೂಂತ್ಲೇ." ರೂರಿ ಹಲ್ಲು ಕಟಕಟ ಅಂತಿತ್ತು. "ಆ ವಾಸನೆ ಮುಚ್ಚೋಕೆ ಅದಕ್ಕಿಂತ ಕೆಟ್ಟದ್ದು ಬೇಕಿತ್ತು."

"ಯಾವ ವಾಸನೆ?"

"ಪಂಜರದ್ದು. ಫೆರಿ ಕೆಲಸ ಹೋಗಿ ಆರು ತಿಂಗಳಾಯ್ತು ಇಶ್ಬೆಲ್. ಸತ್ತ ಮೀನು ಎತ್ತಾಕೋದು ನಾನೇ."

ಅವಳಿಗೆ ಮತ್ತೆ ಓಕರಿಕೆ ಬಂತು. ಈ ಸಲ ಹಕ್ಕಿಯಿಂದಲ್ಲ.

"ಅವತ್ತು ಪಬ್‌ನಲ್ಲಿ ನನ್ ಪಕ್ಕ ಕೂತು ತಲೆಯಾಡಿಸಿದ್ಯಲ್ಲೋ! ಅದು ಇದಕ್ಕಿಂತ ಗಬ್ಬು."

"ಗೊತ್ತು. ಬೇರೆ ಕೆಲಸ ಗ್ಲಾಸ್ಗೋದಲ್ಲಿದೆ. ಅಲ್ಲಿ ನೀನಿಲ್ಲ. ನಾಳೆನೇ ಬಿಡ್ತೀನಿ ಅಂತ ಇನ್ನೊಂದು ಸುಳ್ಳು ಹೇಳಲ್ಲ." ಕಿತ್ತಳೆ ಗಡ್ಡ, ಊದಿಕೊಂಡ ಒಂದು ಕಣ್ಣು. ಇನ್ನೊಂದು ಕಣ್ಣು ಅವಳನ್ನೇ ನೋಡ್ತಿತ್ತು. "ನೀನು ಶನಿವಾರ ಹೇಳ್ತೀನಿ ಅಂದಿದ್ದೆ."

"ಬಾಯ್ಮುಚ್ಚು. ನೀನು ಮಾತಾಡಿದ್ರೆ ಇನ್ನೂ ಜಾಸ್ತಿ ಬರುತ್ತೆ."

ನೀರು ಶಾಂತವಾಗಿತ್ತು. ಈಗ ಅವನ ಕಯಾಕ್ ಹಿಡ್ಕೊಂಡಿರೋ ಅಗತ್ಯವೇ ಇರ್ಲಿಲ್ಲ. ಇಶ್ಬೆಲ್ ತನ್ನ ಕೈ ನೋಡ್ಕೊಂಡ್ಲು. ಬೆರಳೆಲ್ಲ ಎಣ್ಣೆ. ಇನ್ನೂ ಹಿಡ್ಕೊಂಡೇ ಇತ್ತು.

"ಗಾಳಿ ಬರೋ ಕಡೆ ಯಾವಾಗ್ಲೂ ನಾನು ಕೂರೋದು," ಅಂದ್ಲು, ಮುಖ ಅತ್ತ ತಿರುಗಿಸಿ. "ಸಾಯೋವರೆಗೂ. ಇನ್ನೊಂದು ಸುಳ್ಳು ಸಿಕ್ತೋ, ಹಕ್ಕಿ ಬೇಡ, ನಾನೇ ಉಗೀತೀನಿ."

ರೂರಿ ಖುಷಿಯಲ್ಲಿ ಮುತ್ತಿಗೆ ಬಾಗಿದ. ಇಶ್ಬೆಲ್ ಮತ್ತೆ ಸಮುದ್ರಕ್ಕೆ ವಾಂತಿ ಮಾಡಿದ್ಲು. ಒಂದೇ ಕೈಯಲ್ಲಿ ಬಾಯಿ ಒರೆಸ್ಕೊಂಡ್ಲು.

ಅವಳ ಗೆಳತೀರು ಇವತ್ತಿಗೂ ಛೀ ಅಂತಾರೆ. ನೀವಾಗಿದ್ರೆ, ಆ ಇನ್ನೊಂದು ಕೈ ಬಿಡ್ತಿದ್ರಾ?