ಏರಿನಲ್ಲಿ ಸಿಕ್ಕ ಕೈ

ಆ ಅಂಗಿಯನ್ನು ನಾನಿನ್ನೂ ಒಗೆದಿಲ್ಲ.

ಜ್ವರದಿಂದ ಎದ್ದ ಮೇಲೆ ಗೆಳೆಯರ ಜೊತೆ ಗುಡ್ಡಕ್ಕೆ ಸೈಕಲ್ ತುಳಿದದ್ದು ಅದೇ ಮೊದಲು. ದಾರಿಯುದ್ದಕ್ಕೂ ಕೆಸರು, ಹಿಂದಿನ ಚಕ್ರ ಅದನ್ನು ಹೊರಟಾಗಿನಿಂದ ನನ್ನ ಬೆನ್ನಿಗೆ ಎರಚುತ್ತಲೇ ಇತ್ತು. ಕೊನೆಯ ಏರಿನಲ್ಲಿ ಕಾಲು ಸೋತು ಎಲ್ಲರಿಗಿಂತ ಹಿಂದೆ ಬಿದ್ದೆ. ಆಗ ಯಾರೋ ಬೆನ್ನಿಗೆ ಅಂಗೈ ಕೊಟ್ಟು ಮೆಲ್ಲಗೆ ತಳ್ಳತೊಡಗಿದರು. ಕೈ ತಣ್ಣಗಿತ್ತು. ಹಿಂದೆ ಇನ್ನೊಂದು ಸೈಕಲ್ಲಿನ ಸದ್ದು ಮಾತ್ರ ಇರಲಿಲ್ಲ.

ನಮ್ಮ ಗುಂಪಿನ ಬಡಗಿಯಣ್ಣ ಇರಬೇಕೆಂದುಕೊಂಡು, "ಸಾಕು ಬಿಡಣ್ಣ, ನಿಂಗೂ ಸುಸ್ತಾಗತ್ತೆ" ಎಂದೆ. ಕೈ ಬಿಡಲಿಲ್ಲ.

ಮೇಲೆ ಬಂದರೆ ಬಡಗಿಯಣ್ಣ ಉಳಿದವರೊಂದಿಗೆ ಬಂಡೆಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. "ಒಬ್ನೇ ಹತ್ತಿಬಿಟ್ಯಲ್ಲೋ, ಪರವಾಗಿಲ್ವೇ" ಎಂದ.

ಮನೆಯಲ್ಲಿ ಅಂಗಿ ನೆನೆಹಾಕಲು ಹೋದ ಅಕ್ಕ ಬಕೆಟ್ಟಿನ ಮುಂದೆ ಹಾಗೇ ನಿಂತಳು. ಬೆನ್ನ ತುಂಬ ಕೆಸರು. ನಡುವೆ ಒಂದು ಅಂಗೈ, ಐದು ಬೆರಳಿನ ಆಕಾರದ ಜಾಗಕ್ಕೆ ಒಂದು ಹನಿಯೂ ಸಿಡಿದಿರಲಿಲ್ಲ.

"ಯಾರೋ ಇದು," ಎಂದಳು ಅಕ್ಕ, "ಹೊರಟಾಗಿಂದ್ಲೂ ನಿನ್ ಬೆನ್ ಮೇಲೆ ಕೈ ಇಟ್ಕೊಂಡೇ ಬಂದಿರೋರು?"