ಸಂಬಂಧ: ಇಲ್ಲ

ತರಬೇತಿಯ ಮೊದಲ ದಿನ ನಾನು ಅವನನ್ನು ರಿಪೇರಿಗೆ ಬಂದವನೆಂದುಕೊಂಡೆ. ನೀಲಿ ಅಂಗಿ, ಸೊಂಟದಲ್ಲಿ ಸ್ಪ್ಯಾನರ್. ಲಿಫ್ಟ್ ಕೆಟ್ಟಿದೆ, ಬೇಗ ನೋಡಿ ಎಂದೆ. ಸರಿ ಎಂದು ಹೋದವನು ಅರ್ಧ ಗಂಟೆ ಬಿಟ್ಟು ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತ. ಲಿಫ್ಟ್ ಮೆಕ್ಯಾನಿಕ್ ಹೌದು, ಆದರೆ ಅವತ್ತು ಬಂದಿದ್ದು ನನ್ನ ಹಾಗೆ ಸ್ಕೌಟ್ ಮಕ್ಕಳ ದಳ ನಡೆಸುವುದು ಕಲಿಯಲು.

"ಓಡ್ತಿದೆ ಮೇಡಂ," ಎಂದ. "ಇನ್ನೇನಾದ್ರೂ ಕೆಟ್ಟಿದ್ರೆ ಹೇಳಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಒಟ್ಟು ಆರು ಶನಿವಾರ. ಔಷಧಿ ಅಂಗಡಿಯವಳಾದ ನನಗೆ ಪ್ರಥಮ ಚಿಕಿತ್ಸೆ ನೀರು ಕುಡಿದಷ್ಟು ಸುಲಭ. ಹಗ್ಗದ ಗಂಟು ಮಾತ್ರ ಜಪ್ಪಯ್ಯ ಅಂದರೂ ನಿಲ್ಲುತ್ತಿರಲಿಲ್ಲ. ಅವನು ಬಿಚ್ಚಿ ಮತ್ತೆ ತೋರಿಸುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ನನಗೆ ಬರುತ್ತಿತ್ತು, ಬೇಕೆಂದೇ ತಪ್ಪುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಓರೆಗಣ್ಣಲ್ಲಿ ನಗುತ್ತ ಮೊದಲಿಂದ ಕಲಿಸುತ್ತಿದ್ದ.

ಐದನೆಯ ಶನಿವಾರ ಟೀ ಕುಡಿಯುವಾಗ ಮದುವೆಯ ಮಾತೆತ್ತಿದ. ಮುಂದಿನ ವಾರ ಹೇಳುತ್ತೇನೆ ಎಂದು ಬಿಗುಮಾನ ಮಾಡಿದೆ. ಮೂವತ್ತಾರಕ್ಕೆ ಇನ್ನೆಂಥ ಬಿಗುಮಾನ ಎಂದು ಅಕ್ಕ ಬೈದಳು. ವಾರವಿಡೀ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತ ನಗುತ್ತಿದ್ದೆ.

ಕೊನೆಯ ದಿನ ಫಾರಂ ಬಂತು. ತರಬೇತಿ ಕೊಡುತ್ತಿದ್ದ ನಿವೃತ್ತ ನರ್ಸ್ ನಿಯಮ ಬಿಡಿಸಿ ಹೇಳಿದರು. ಒಂದು ದಳಕ್ಕೆ ಕನಿಷ್ಠ ಇಬ್ಬರು ಹಿರಿಯರು ಬೇಕು. ಇರುವುದು ಇಬ್ಬರೇ ಆದರೆ ಅವರು ಗಂಡಹೆಂಡತಿಯಾಗಲಿ ಪ್ರೇಮಿಗಳಾಗಲಿ ಆಗಿರಕೂಡದು. ಮಕ್ಕಳ ವಿಷಯದಲ್ಲಿ ಒಬ್ಬರು ತಪ್ಪಿದರೆ ಇನ್ನೊಬ್ಬರು ಮುಚ್ಚಿಡಬಾರದಲ್ಲ. ನ್ಯಾಯವಾದ ಮಾತೇ. ಆದರೆ ಹಿರಿಯರಿಲ್ಲದೆ ನಮ್ಮ ಬಡಾವಣೆಯ ದಳ ಮುಚ್ಚಿ ವರ್ಷವಾಗಿತ್ತು. ಇಪ್ಪತ್ತೆರಡು ಮಕ್ಕಳು ಕಾಯುತ್ತಿದ್ದರು, ಮುಂದೆ ಬಂದವರು ನಾವಿಬ್ಬರೇ. ಒಂಬತ್ತಕ್ಕೇ ಅಪ್ಪನನ್ನು ಕಳೆದುಕೊಂಡ ಅವನನ್ನು ಮನುಷ್ಯನನ್ನಾಗಿ ಮಾಡಿದ್ದೂ ಅದೇ ದಳ.

ಕಾರಿಡಾರಿನಲ್ಲಿ ಅವನು ನನ್ನನ್ನು ತಡೆದ. "ನಾನು ಬಿಡ್ತೀನಿ. ನನಗೆ ನೀವು ಬೇಕು."

"ಬಿಟ್ಟು ಎಷ್ಟು ದಿನ ನೆಮ್ಮದಿಯಾಗಿರ್ತೀರಿ?"

ಮೂರನೆಯವರು ಯಾರಾದರೂ ಸಿಗುವವರೆಗೆ ಕಾಯೋಣ ಎಂದ.

"ಒಬ್ಬರಿಗೊಬ್ಬರು ಕಾಯೋದೂ ಸಂಬಂಧಾನೇ ಅಲ್ವಾ? ಅದನ್ನ ಮುಚ್ಚಿಟ್ಟು ಮಕ್ಕಳ ಮುಂದೆ ನಿಲ್ಲೋಕಾಗಲ್ಲ."

ಒಳಗೆ ಹೋಗಿ, 'ಜೊತೆಗಾರರೊಂದಿಗೆ ಸಂಬಂಧ' ಎಂಬಲ್ಲಿ 'ಇಲ್ಲ' ಎಂದು ಬರೆದೆ. ಅವನು ನನ್ನ ಫಾರಂ ನೋಡಿದ, ಆಮೇಲೆ ಅದನ್ನೇ ಬರೆದ. ಅವತ್ತು ಮನೆಗೆ ಹೋಗಿ ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅವಳು ಬೈಯಲಿಲ್ಲ.

ದಳ ಮತ್ತೆ ತೆರೆಯಿತು. ಎರಡು ವರ್ಷ, ಪ್ರತಿ ಶನಿವಾರ, ಅವನು ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ, ನಡುವೆ ಮಕ್ಕಳು. ಬರೆದದ್ದನ್ನು ಅವನು ನಿಜ ಮಾಡಿಕೊಂಡ. ನಾನು ಸೋತೆ. ಮೂರನೆಯವರು ಬಂದರೆ ನಾನೇ ಬಾಯಿಬಿಟ್ಟು ಕೇಳಬೇಕೆಂದು ದಿನ ಎಣಿಸುತ್ತಿದ್ದೆ.

ಕಳೆದ ವಾರ ಬಂದರು. ಬೇಕರಿ ನಡೆಸುವ ಹೆಣ್ಣುಮಗಳು, ನಗುಮುಖ. ಕರೆತಂದವನು ಅವನೇ. ಫಾರಂ ತುಂಬಿಸುವುದು ನನ್ನ ಪಾಲಿಗೆ ಬಂತು. ಸಂಬಂಧದ ಜಾಗದಲ್ಲಿ ಆಕೆ ಅವನ ಹೆಸರು ಬರೆದಳು. ಮುಂದಿನ ತಿಂಗಳು ಮದುವೆಯಂತೆ. ನಾನಿರುವುದರಿಂದ ಈಗ ನಾವು ಮೂವರು, ನಿಯಮಕ್ಕೆ ಅಡ್ಡಿಯಿಲ್ಲ.

ಅವನು ಮಕ್ಕಳ ಕಡೆ ಹೋದಾಗ ಆಕೆ ಸಣ್ಣ ದನಿಯಲ್ಲಿ ಕೇಳಿದಳು. "ಅಕ್ಕಾ, ಇವರನ್ನ ಎರಡು ವರ್ಷದಿಂದ ನೋಡಿದೀರಿ. ನಂಬಬಹುದಲ್ವಾ?"

"ಕಣ್ಣು ಮುಚ್ಚಿಕೊಂಡು ನಂಬಮ್ಮ," ಎಂದು ಹೇಳಿ, ಆಕೆಯ ಸಹಿಯ ಕೆಳಗೆ ನನ್ನ ಸಹಿ ಹಾಕಿದೆ.